ತುರಿಕೆಯ ಕಾಲಜ್ಞಾನ

ಮಳೆಗಾಲವು ಹಿಂಜರಿಯುವ ದಿನಗಳಲ್ಲಿ, ಘಟಪ್ರಭೆಯು ಗೋಕಾಕದ ಬಳಿ 170 ಅಡಿಗಳ ಬಂಡೆಯಂಚಿನಿಂದ ಕೆಂಬಣ್ಣದ ಪ್ರವಾಹವಾಗಿ ಧುಮುಕುವುದನ್ನು ತೂಗುಸೇತುವೆಯ ಬಳಿ ನಿಂತು ಕಣ್ತುಂಬ ನೋಡಿದವರು, ಅಷ್ಟಕ್ಕೇ ತೃಪ್ತರಾಗದೆ, ಮಾರ್ಕಂಡೇಯ ನದಿಯು ಎರಡು ಹಂತವಾಗಿ ಇಳಿಯುವ ಗೊಡಚಿನಮಲ್ಕಿಯ ಕಾಡುದಾರಿಯನ್ನೋ, ಯೋಗಿಕೊಳ್ಳದ ಕಣಿವೆಯನ್ನೋ, ಹಿಡಕಲ್ಲಿನ ಹಿನ್ನೀರಿನ ಆಚೆಯ ಕುರುಚಲು ಗುಡ್ಡಗಳನ್ನೋ ಹಿಡಿದು ಹೊರಡುವುದು ಈಚಿನ ವರ್ಷಗಳಲ್ಲಿ ಬಹಳವಾಗಿದೆ. ಸಂತೋಷದ ವಿಷಯ. ಮೂಡಲಗಿಯ ಕಾಲುವೆಯ ಸೀಮೆಯಲ್ಲಿ ಕಬ್ಬು, ಗೋವಿನಜೋಳಗಳ ಹಸುರನ್ನಲ್ಲದೆ ಬೇರೆ ಹಸುರನ್ನು ಕಾಣದೆ ಬೆಳೆದ ಹುಡುಗರಿಗೆ ಅಡವಿಯ ಪರಿಚಯವಾಗುವುದು ವಿದ್ಯಾಭ್ಯಾಸದ ಒಂದು ಅಂಗವೇ ಸರಿ. ಆದರೆ ಹೀಗೆ ಹೋಗಿಬಂದವರಲ್ಲಿ ಕೆಲವರು ಒಂದೆರಡು ದಿನಗಳ ತರುವಾಯ ಮುಂಗೈ, ಮೊಣಕಾಲು, ಕುತ್ತಿಗೆಗಳ ಮೇಲೆ ಕೆಂಪು ಗೀರುಗಳೂ ನೀರ್ಗುಳ್ಳೆಗಳೂ ಎದ್ದು, ರಾತ್ರಿಯ ನಿದ್ರೆಯನ್ನು ಕಳೆದುಕೊಂಡು, ಬೆಳಗಾಗುತ್ತಲೆ ಔಷಧದ ಅಂಗಡಿಯ ಕಟ್ಟೆಯನ್ನು ಹತ್ತುತ್ತಾರೆ. ಅಲ್ಲಿ ಅವರು ಕೇಳುವುದು ಒಂದೇ ಮಾತು: “ಇದಕ್ಕೇನ್ ಹಚ್ಚಬೇಕ್ರಿ?” ಈ ಪ್ರಶ್ನೆಗೆ ತಕ್ಕ ಉತ್ತರ ದೊರೆಯಬೇಕಾದರೆ ಅದಕ್ಕೂ ಮುಂಚೆ ಬೇರೊಂದನ್ನು ವಿಚಾರಿಸಬೇಕು, ಅದನ್ನು ರೋಗಿಯೂ ವಿಚಾರಿಸಿಕೊಳ್ಳುವುದಿಲ್ಲ, ಅಂಗಡಿಯವನೂ ವಿಚಾರಿಸುವುದಿಲ್ಲ. ಗಿಡವನ್ನು ಮುಟ್ಟಿದುದು ಯಾವಾಗ, ತುರಿಕೆಯೆದ್ದುದು ಯಾವಾಗ, ಇವೆರಡರ ನಡುವಣ ಅಂತರವೆಷ್ಟು? ಕ್ಷಣವೊ, ದಿನವೊ, ವರ್ಷವೊ? ಸಸ್ಯಗಳಿಂದ ಬರುವ ಚರ್ಮದ ಉಪದ್ರವಗಳ ಕುಲಗೋತ್ರಗಳನ್ನು ಈ ಅಂತರವು ಹೇಳುವಷ್ಟು ನಿಚ್ಚಳವಾಗಿ ಗುಳ್ಳೆಯ ರೂಪವಾಗಲಿ ಬಣ್ಣವಾಗಲಿ ಹೇಳಲಾರದು.

ಅಮೆರಿಕೆಯಲ್ಲಿ ನೆಲಸಿರುವ ಮಕ್ಕಳ ಮನೆಗೆ ಹೋಗಿ ಆರು ತಿಂಗಳಿದ್ದು ಬಂದ ನಮ್ಮ ಕಡೆಯ ತಂದೆತಾಯಿಗಳು ‘ಪಾಯ್ಸನ್ ಐವಿ’ ಎಂಬ ಬಳ್ಳಿಯ ಹೆಸರನ್ನು ಅಲ್ಲಿ ಕೇಳಿರುತ್ತಾರೆ. ಹಿತ್ತಲಿನ ಬೇಲಿಯ ಕಡೆಗೆ ಹೋಗಬೇಡಿರೆಂದು ಮಗನೂ ಸೊಸೆಯೂ ಮೊದಲನೆಯ ದಿನವೇ ಎಚ್ಚರಿಸಿರುತ್ತಾರೆ. ಒಂದು ತೊಟ್ಟಿಗೆ ಮೂರು ಎಲೆ. ಮರಕ್ಕೆ ಹಬ್ಬಿದಾಗ ಬಳ್ಳಿಯ ಮೈತುಂಬ ರೋಮದಂತಹ ಬೇರು. ಶರತ್ಕಾಲದಲ್ಲಿ ಎಲೆಗಳಿಗೆ ಮನೋಹರವಾದ ಕೆಂಪು. 17ನೆಯ ಶತಮಾನದ ಆದಿಯಲ್ಲಿ ವರ್ಜೀನಿಯಾದಲ್ಲಿ ನೆಲೆಯೂರಿದ ಇಂಗ್ಲಿಷರ ನಾಯಕ ಕ್ಯಾಪ್ಟನ್ ಜಾನ್ ಸ್ಮಿತ್ತನು ಈ ಗಿಡವನ್ನೂ ಅದು ಎಬ್ಬಿಸುವ ಗುಳ್ಳೆಗಳನ್ನೂ ತನ್ನ ಬರಹದಲ್ಲಿ ಆಗಲೇ ದಾಖಲಿಸಿದ್ದನು. ಆ ಬಳ್ಳಿಯು ನಮ್ಮ ನಾಡಿನಲ್ಲಿ ಬೆಳೆಯುವುದಿಲ್ಲವೆಂದು ನಾವು ಸಮಾಧಾನಪಟ್ಟುಕೊಳ್ಳಬಹುದಾದರೂ, ಆ ಸಮಾಧಾನವು ಪೂರ್ಣವಾದುದಲ್ಲ. ಏಕೆಂದರೆ ಅದರ ದಾಯಾದಿಗಳು ನಮ್ಮ ಅಡವಿಯಲ್ಲಿಯೂ ತೋಟದಲ್ಲಿಯೂ, ಅಷ್ಟೇಕೆ, ಅಡುಗೆಯ ಮನೆಯಲ್ಲಿಯೂ ಇವೆ. ಮಾವು ಅದೇ ಕುಟುಂಬದ ಮರ. ಪೋರ್ಚುಗೀಜರು ಪಶ್ಚಿಮ ಕರಾವಳಿಗೆ ತಂದ ಗೋಡಂಬಿಯು ಅದೇ ಕುಟುಂಬದ್ದು. ಮತ್ತು ಗುಣದಲ್ಲಿ ಐವಿಗೆ ಅತ್ಯಂತ ಸಮೀಪವಾದ, ಉಗ್ರತೆಯಲ್ಲಿ ಅದನ್ನು ಮೀರಿಸುವುದೆಂದೇ ಹೇಳಬಹುದಾದ ಕೇರಿನ ಗಿಡವೂ ಅದೇ ಕುಟುಂಬದ್ದು.

ಕೇರನ್ನು ಸಂಸ್ಕೃತದಲ್ಲಿ ಭಲ್ಲಾತಕವೆಂದೂ, ನೆರೆಯ ಮರಾಠಿಯಲ್ಲಿ ಬಿಬ್ಬಾ ಎಂದೂ ಕರೆಯುತ್ತಾರೆ. ಕರಿಗೇರು ಎನ್ನುವವರೂ ಉಂಟು. ಎಲೆಯುದುರಿಸುವ ಕಾಡುಗಳ ಮಧ್ಯಮಗಾತ್ರದ ಮರವಿದು. ಮೊಳದುದ್ದಕ್ಕೆ ಸಮೀಪಿಸುವ, ತುದಿಯಲ್ಲಿ ಅಗಲವಾಗಿ ಬುಡದಲ್ಲಿ ಕಿರಿದಾದ, ಕೆಳಗಡೆ ಬೂದುಬಣ್ಣದ ದಪ್ಪನೆಯ ಎಲೆಗಳು ಕೊಂಬೆಯ ತುದಿಯಲ್ಲಿ ಗುಂಪಾಗಿರುತ್ತವೆ. ಚಳಿಗಾಲದ ಹೊತ್ತಿಗೆ ಕಾಯಿ ಬಲಿಯುತ್ತದೆ: ಕಿತ್ತಳೆಬಣ್ಣದ ರಸವತ್ತಾದ ತೊಟ್ಟಿನ ಮೇಲೆ ಕುಳಿತ, ಹೃದಯಾಕಾರದ, ಮಿರಿಮಿರಿ ಮಿಂಚುವ ಕರಿಯ ಬೀಜ. ಅಡವಿಯನ್ನು ಕಾಣದವರೂ ಈ ಬೀಜವನ್ನು ಕಂಡಿದ್ದಾರೆ. ಪೇಟೆಯ ಅಂಗಡಿಗಳ ಬಾಗಿಲಿಗೆ ದೃಷ್ಟಿಯಾಗದಿರಲೆಂದು ಲಿಂಬೆಕಾಯಿ, ಹಸಿಮೆಣಸಿನಕಾಯಿಗಳೊಡನೆ ಪೋಣಿಸಿ ತೂಗಹಾಕುವ ಕರಿಯ ವಸ್ತುವು ಕೆಲವೆಡೆ ಇದ್ದಿಲ ತುಂಡು, ಹಲವೆಡೆ ಇದೇ ಕೇರಬೀಜ. ದೃಷ್ಟಿಯನ್ನು ಅದು ತಡೆಯುವುದೊ ಇಲ್ಲವೊ ಎಂಬುದು ಅಂಗಡಿಕಾರರಿಗೆ ಬಿಟ್ಟ ವಿಚಾರ. ಪೋಣಿಸುವವನ ಬೆರಳುಗಳನ್ನು ಮಾತ್ರ ಅದು ಸುಡಬಲ್ಲುದು.

ಬೀಜದ ಸಿಪ್ಪೆಯೊಳಗಣ ಕಪ್ಪು ಎಣ್ಣೆಯನ್ನು ಸುಣ್ಣದೊಡನೆ ಕೂಡಿಸಿ ಬಟ್ಟೆಯ ಮೇಲೆ ಗುರುತಿಟ್ಟರೆ ಎಷ್ಟು ಒಗೆದರೂ ಅಳಿಯದು. ಈ ಗುಣವನ್ನು ಅರಿತ ನಮ್ಮ ದೇಶದ ಅಗಸರು ಯಾರ ಮನೆಯ ಬಟ್ಟೆ ಯಾವುದೆಂಬುದನ್ನು ತಲೆಮಾರುಗಳಿಂದ ಇದರಿಂದಲೇ ಗುರುತಿಸುತ್ತ ಬಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿಳಿದ ಅಮೆರಿಕನ್ ಸೈನಿಕರಲ್ಲಿ ಕೆಲವರಿಗೆ, ಯಾವ ಕಾಡಿಗೂ ಹೋಗದೆ, ಯಾವ ಗಿಡವನ್ನೂ ಮುಟ್ಟದೆ, ಶರ್ಟಿನ ಕೊರಳಪಟ್ಟಿ ತಗಲುವ ಕುತ್ತಿಗೆಯ ಹಿಂಭಾಗದಂತಹ ಕಡೆ ದುಗ್ಗಾಣಿಯಗಲದ ಗುಳ್ಳೆಗಳೆದ್ದಾಗ ಸೈನ್ಯದ ವೈದ್ಯರು ದಿಗ್ಭ್ರಮೆಗೊಂಡು ಶೋಧಿಸಿದರು. ಅಗಸನಿಟ್ಟ ಕರಿಯ ಗುರುತು ಚರ್ಮಕ್ಕೆ ತಗಲುತ್ತಿದ್ದ ಸ್ಥಳದಲ್ಲಿಯೇ ಗುಳ್ಳೆಗಳಿದ್ದುವು. 1943ರಲ್ಲಿ ಅವರ ವೈದ್ಯಪತ್ರಿಕೆಯಲ್ಲಿ ಈ ವೃತ್ತಾಂತವು ಪ್ರಕಟವಾಯಿತು. ತಮ್ಮ ಊರಿನ ಐವಿಯನ್ನು ಬಾಲ್ಯದಲ್ಲಿ ಮುಟ್ಟಿದ್ದವರ ಚರ್ಮವು, ಏಳು ಸಮುದ್ರ ದಾಟಿಬಂದ ಮೇಲೂ, ಅದೇ ಕುಟುಂಬದ ಇನ್ನೊಂದು ಮರದ ರಸವನ್ನು ಗುರುತುಹಿಡಿದಿತ್ತು.

ಇಂತಹ ದಾರುಣವಸ್ತುವನ್ನು ನಮ್ಮ ಪ್ರಾಚೀನರು ಔಷಧವಾಗಿ ಬಳಸಿದುದು ಆಶ್ಚರ್ಯವಾದರೂ ನಿಜ. ಚರಕಸಂಹಿತೆಯ ರಸಾಯನಾಧ್ಯಾಯದಲ್ಲಿ ಭಲ್ಲಾತಕದ ಪಾಕಗಳೇ ಹಲವಿವೆ. ಆದರೆ ಅದನ್ನು ಸೇವಿಸುವವನು ಮೊದಲು ಬಾಯಿಯ ಒಳಭಾಗಕ್ಕೆ ತುಪ್ಪವನ್ನು ಸವರಿಕೊಳ್ಳಬೇಕೆಂದು ಅಲ್ಲಿಯೇ ವಿಧಿಸಿದೆ. ಬೀಜವನ್ನು ಇಟ್ಟಿಗೆಯ ಪುಡಿಯಲ್ಲಿ ತಿಕ್ಕಿ ಎಣ್ಣೆಯನ್ನು ಹೀರಿಸಿ ಶೋಧಿಸದೆ ವೈದ್ಯರು ಅದನ್ನು ಮುಟ್ಟುವುದಿಲ್ಲ. ಶಾಸ್ತ್ರದ ಈ ಜಾಗರೂಕತೆಯನ್ನು ಕೈಬಿಟ್ಟು ಔಷಧವನ್ನು ಮಾತ್ರ ಉಳಿಸಿಕೊಂಡದ್ದು ನಮ್ಮ ಹಳ್ಳಿಗಳ ದುರ್ದೈವ. ಮೊಣಕಾಲು ನೋವಿಗೆ, ಒಡೆದ ಹಿಮ್ಮಡಿಗೆ, ಕೆಲವು ಕಡೆ ಎಳೆಗೂಸಿನ ಹೊಟ್ಟೆಗೆ ಕೂಡ, ಬೀಜವನ್ನು ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದು ಬಸಿದ ಎಣ್ಣೆಯನ್ನು ಚುಕ್ಕೆಯಿಡುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. ಕೂಸಿನ ಚರ್ಮದ ಮೇಲೆ ಈ ಎಣ್ಣೆಯನ್ನಿಡುವುದು ಚಿಕಿತ್ಸೆಯೆಂಬ ಹೆಸರಿನ ಸುಡುವಿಕೆಯೇ ಹೊರತು ಬೇರೇನೂ ಅಲ್ಲವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಇನ್ನು ಕಾಲದ ವಿಚಾರ. ಐವಿಯಲ್ಲಿರುವ ಎಣ್ಣೆಗೆ ಉರುಷಿಯಾಲ್ ಎಂದು ಹೆಸರು. ಜಪಾನೀಯರು ಪಾತ್ರೆಗಳಿಗೆ ಹೊಳಪಿನ ಲೇಪವನ್ನು ಕೊಡುವ ಮರದ ಹಾಲಿನಲ್ಲಿಯೂ ಇರುವುದು ಅದೇ. ಅದರ ರಾಸಾಯನಿಕ ರಚನೆಯನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ನಿಷ್ಕರ್ಷಿಸಿದವನು ಜಪಾನಿನ ರಸಾಯನಶಾಸ್ತ್ರಜ್ಞ ರಿಕೊ ಮಜಿಮಾ. ಕೇರಿನ ಎಣ್ಣೆಯಲ್ಲಿರುವುದು ಅದರ ಸೋದರವಸ್ತು. ಈ ಎಣ್ಣೆಯು ಸಾಂದ್ರವಾಗಿ, ಬೀಜದಿಂದ ನೇರವಾಗಿ ಬಿದ್ದರೆ ಚರ್ಮವನ್ನು ಸುಡುವುದುಂಟು. ಆದರೆ ಕಾಡಿನಲ್ಲಿ ನಡೆದಾಡುವವರಿಗೆ ಸಾಮಾನ್ಯವಾಗಿ ಒದಗುವುದು ಎಲೆಯಿಂದಲೋ ಮುರಿದ ಕೊಂಬೆಯಿಂದಲೋ ತಗಲುವ ಕಣ್ಣಿಗೆ ಕಾಣದಷ್ಟು ಲೇಶ. ಆ ಲೇಶಕ್ಕೆ ಸ್ವತಃ ಸುಡುವ ಶಕ್ತಿಯಿಲ್ಲ. ಅದು ಚರ್ಮದೊಳಗಿಳಿದು ನಮ್ಮದೇ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಆ ಭಾಗವನ್ನು ಶರೀರದ ರಕ್ಷಕಕಣಗಳು ಪರಕೀಯವೆಂದು ಬಗೆದು ಅದರ ಮೇಲೆ ದಂಡೆತ್ತಿ ಬರುತ್ತವೆ. ಊರ ತಳವಾರನು ಹೊಸಬನೊಬ್ಬನನ್ನು ಮೊದಲ ಬಾರಿ ಕಂಡಾಗ ಮುಖವನ್ನು ನೋಡಿಟ್ಟುಕೊಂಡು ಸುಮ್ಮನಿದ್ದು, ಅವನೇ ಮತ್ತೊಮ್ಮೆ ರಾತ್ರಿಯಲ್ಲಿ ಕಾಣಿಸಿಕೊಂಡಾಗ ಊರನ್ನೆಲ್ಲ ಎಬ್ಬಿಸುವಂತೆ, ಶರೀರವೂ ಮೊದಲನೆಯ ಸ್ಪರ್ಶದಲ್ಲಿ ಬಹುಮಟ್ಟಿಗೆ ಸುಮ್ಮನಿರುತ್ತದೆ, ಅಥವಾ ಒಂದರಿಂದ ಮೂರು ವಾರಗಳ ತರುವಾಯ ನಿಧಾನವಾಗಿ ಎಚ್ಚರಗೊಳ್ಳುತ್ತದೆ. ಎರಡನೆಯ ಸ್ಪರ್ಶದಲ್ಲಿಯಾದರೋ ಒಂದು ದಿನ, ಎರಡು ದಿನ, ಹೆಚ್ಚೆಂದರೆ ಮೂರು ದಿನಗಳಲ್ಲಿ ಗುಳ್ಳೆಯೆಬ್ಬಿಸುತ್ತದೆ.

ಜನರು ಮೋಸಹೋಗುವುದು ಈ ವಿಳಂಬದಲ್ಲಿ. ಭಾನುವಾರ ಗೊಡಚಿನಮಲ್ಕಿಯ ದಾರಿಯಲ್ಲಿ ಊರುಗೋಲಿಗೆಂದು ಕೇರಿನ ಕೊಂಬೆಯನ್ನು ಮುರಿದವನಿಗೆ ಮಂಗಳವಾರ ಕೈ ಉರಿಯುತ್ತದೆ. ಅವನು ಸೋಮವಾರದ ಸಂತೆಯಲ್ಲಿ ತಿಂದ ಬದನೆಕಾಯಿಯನ್ನೂ, ಹೊಸ ಸಾಬೂನನ್ನೂ, ಕಟ್ಟಕಡೆಗೆ ಯಾರದೋ ಕಣ್ಣನ್ನೂ ದೂರುತ್ತಾನೆ. ಕೊಂಬೆಯ ನೆನಪು ಅವನಿಗಾಗುವುದಿಲ್ಲ. ಕೇರಿನ ಕೆಳಗೆ ಹಾಯ್ದರೆ ಸಾಕು, ಅದರ ಗಾಳಿ ಬಡಿದು ಮೈ ಬಾತುಕೊಳ್ಳುತ್ತದೆಂಬ ನಂಬಿಕೆಯೂ ಇದರಿಂದಲೇ ಹುಟ್ಟಿರಬೇಕು. ಮುಟ್ಟಿದುದು ನೆನಪಿಲ್ಲದವನು ಗಾಳಿಯನ್ನಲ್ಲದೆ ಇನ್ನೇನನ್ನು ದೂರಿಯಾನು? ಗಾಳಿಗೆ ಆ ಶಕ್ತಿಯಿಲ್ಲ, ಹೊಗೆಗೆ ಉಂಟು. ಕೇರಿನ ಕಟ್ಟಿಗೆಯನ್ನಾಗಲಿ ಒಣ ಎಲೆಯನ್ನಾಗಲಿ ಬೆಂಕಿಗೆ ಹಾಕಿದರೆ ಎಣ್ಣೆಯ ಸೂಕ್ಷ್ಮಬಿಂದುಗಳು ಹೊಗೆಯೊಡನೆ ತೇಲಿ ಮುಖಕ್ಕೂ ಕಣ್ಣಿಗೂ, ಉಸಿರಿನ ಮೂಲಕ ಪುಪ್ಪುಸಕ್ಕೂ ತಲಪುತ್ತವೆ. ಅಡವಿಯಲ್ಲಿ ಚಹಾ ಕಾಸುವ ಉತ್ಸಾಹಿಗಳು ಗುರುತಿಲ್ಲದ ಕಟ್ಟಿಗೆಯನ್ನು ಒಲೆಗಿಡಬಾರದು. ಗುರುತು ಹಿಡಿಯಲು ಸುಲಭವಾದ ಪರೀಕ್ಷೆಯೊಂದಿದೆ: ಮುರಿದ ಕಡ್ಡಿಯಿಂದ ಜಿನುಗಿದ ರಸವು ಗಾಳಿಗೆ ಸ್ವಲ್ಪ ಹೊತ್ತಿನಲ್ಲಿಯೇ ಕಪ್ಪಾಗುವುದಾದರೆ, ತೊಗಟೆಯ ಮೇಲೆ ಅಂತಹ ಕರಿಯ ಕಲೆಗಳು ಮೊದಲೇ ಇರುವುದಾದರೆ, ಆ ಮರದಿಂದ ದೂರವಿರುವುದು ಕ್ಷೇಮ. ಖಾನಾಪುರದಾಚೆಯ ಘಟ್ಟದ ಕಾಡುಗಳಿಗೆ ಹೋಗುವವರಿಗೂ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ; ಅಲ್ಲಿ ಕೇರಿನ ಬಂಧುವಾದ ಹೊಳಗೇರು ಇದೆ, ಅದರ ರಸವೂ ಕಪ್ಪಾಗುತ್ತದೆ. ಕುರಿ ಕಾಯುವವರಿಗೆ ಪರೀಕ್ಷೆಯ ಅಗತ್ಯವಿಲ್ಲ. “ಅದು ಕ್ಯಾರಿನ ಗಿಡಾ ಐತ್ರಿ, ಅದರ ಸನೇಕ ಹೋಗಬ್ಯಾಡ್ರಿ” ಎಂದು ದೂರದಿಂದಲೇ ಕೂಗುವ ಹುಡುಗನ ಮಾತನ್ನು ಪಟ್ಟಣದ ಯಾತ್ರಿಕನು ಗ್ರಂಥಕ್ಕಿಂತ ಹೆಚ್ಚಾಗಿ ನಂಬಬೇಕು.

ಅದೇ ವಿಳಂಬವು ನಮಗೆ ಉಪಕಾರಿಯೂ ಆಗಿದೆ, ತಿಳಿದು ಬಳಸಿಕೊಂಡರೆ. ಎಣ್ಣೆಯು ಚರ್ಮದೊಳಗೆ ಬೇರೂರಲು ಸ್ವಲ್ಪ ಹೊತ್ತು ಬೇಕು. ಐವಿಯ ಎಣ್ಣೆಯನ್ನು ಕುರಿತು ಅಮೆರಿಕದ ಚರ್ಮವೈದ್ಯರು ಹೇಳುವ ಲೆಕ್ಕದಂತೆ, ಮುಟ್ಟಿದ 10 ನಿಮಿಷಗಳೊಳಗೆ ತೊಳೆದರೆ ಅರ್ಧದಷ್ಟು ಹೋಗುತ್ತದೆ. ಅರ್ಧ ಗಂಟೆ ಕಳೆದರೆ ಹೋಗುವುದು ಹತ್ತರಲ್ಲೊಂದು ಪಾಲು ಮಾತ್ರ. ಎಣ್ಣೆಯಾದುದರಿಂದ ಬರಿಯ ನೀರಿಗೆ ಅದು ಜಗ್ಗದು, ಸಾಬೂನು ಬೇಕು. ಪಾತ್ರೆ ತೊಳೆಯುವ ಸಾಬೂನಾದರೆ ಇನ್ನೂ ಒಳ್ಳೆಯದು. ತಣ್ಣೀರನ್ನು ಧಾರಾಳವಾಗಿ ಸುರಿದು, ಮೆಲ್ಲನೆ, ಉಗುರಿನ ಸಂದುಗಳನ್ನು ಮರೆಯದೆ, ಒಂದಲ್ಲ ಎರಡು ಸಾರಿ ತೊಳೆಯಬೇಕು. ಬಿಸಿನೀರಿನಿಂದ ಗಸಗಸನೆ ಉಜ್ಜುವುದು, ಹಸಿ ಚರ್ಮಕ್ಕೆ ಮಣ್ಣು ಹಚ್ಚಿ ತಿಕ್ಕುವುದು, ಇವೆರಡೂ ಎಣ್ಣೆಯನ್ನು ಒಳಗೆ ನೂಕುತ್ತವೆ. ನದಿಯ ದಂಡೆಗೆ ವಿಹಾರಕ್ಕೆ ಹೋಗುವವರು ಕರದಂಟಿನ ಪೊಟ್ಟಣವನ್ನು ಮರೆಯುವುದಿಲ್ಲ. ಅದರ ಪಕ್ಕದಲ್ಲಿ ಒಂದು ಸಾಬೂನಿನ ಬಿಲ್ಲೆಗೆ ಸ್ಥಳವಿಲ್ಲದೆ ಹೋಗುವುದಿಲ್ಲ. (ಕರದಂಟಿನಲ್ಲಿರುವ ಗೋಡಂಬಿಯ ವಿಷಯದಲ್ಲಿ ಭಯಪಡಬೇಕಾದುದಿಲ್ಲ. ಅದರ ಸಿಪ್ಪೆಯ ಎಣ್ಣೆಯು ಕೇರಿನ ಎಣ್ಣೆಯಷ್ಟೇ ಕ್ರೂರವಾದುದಾದರೂ, ಆ ಕ್ರೌರ್ಯವೆಲ್ಲ ಕಾರ್ಖಾನೆಗಳಲ್ಲಿ ಬೀಜವನ್ನು ಒಡೆಯುವ ಹೆಂಗಸರ ಬೆರಳುಗಳಲ್ಲಿ ಉಳಿದು, ನಮ್ಮ ನಾಲಗೆಗೆ ಬರುವುದು ತಿರುಳಿನ ಮಾಧುರ್ಯ ಮಾತ್ರ.)

ಚರ್ಮವನ್ನು ತೊಳೆದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಎಣ್ಣೆಯು ಕೊಡಲಿಯ ಕಾವಿಗೂ, ಬೂಟಿನ ದಾರಕ್ಕೂ, ಚೀಲದ ಪಟ್ಟಿಗೂ, ಜೊತೆಯಲ್ಲಿ ಓಡಾಡಿದ ನಾಯಿಯ ರೋಮಕ್ಕೂ ಅಂಟಿಕೊಂಡು ತಿಂಗಳುಗಟ್ಟಲೆ ತನ್ನ ಸತ್ತ್ವವನ್ನು ಉಳಿಸಿಕೊಳ್ಳುತ್ತದೆ. ಗಂಡನು ಅಡವಿಗೆ ಹೋಗಿ, ಹೆಂಡತಿಯು ಅವನ ಅಂಗಿಯನ್ನು ಒಗೆದು, ಗುಳ್ಳೆಗಳು ಹೆಂಡತಿಯ ಕೈಯಲ್ಲೇಳುವುದು ಇದರಿಂದ. ಬಟ್ಟೆಗಳನ್ನು ಬೇರೆಯಾಗಿ, ಬಿಸಿನೀರು ಮತ್ತು ಸಾಬೂನಿನ ಪುಡಿಯಲ್ಲಿ ಒಗೆಯತಕ್ಕದ್ದು. ತುಂಬುತೋಳಿನ ಅಂಗಿ, ಕಾಲ್ಚೀಲದೊಳಗೆ ಸೇರಿಸಿದ ಪಾಯಿಜಾಮೆಯ ಅಂಚು, ಗುರುತಿಲ್ಲದ ಎಲೆಯನ್ನು ಊಟದೆಲೆಯಾಗಿಯೋ ಬೀಸಣಿಗೆಯಾಗಿಯೋ ಬಳಸದಿರುವ ಸಂಯಮ, ಮುನ್ನೆಚ್ಚರಿಕೆಯೆಂದರೆ ಇಷ್ಟೇ.

ಗುಳ್ಳೆಗಳು ಎದ್ದ ಮೇಲೆ? ಆಗ ಎಣ್ಣೆಯನ್ನು ಹೊರಗೆ ತೆಗೆಯುವ ಮಾತಿಲ್ಲ. ಶರೀರವು ತಾನೇ ಹೂಡಿದ ಯುದ್ಧವನ್ನು ತಾನೇ ನಿಲ್ಲಿಸುವವರೆಗೆ, ಅಂದರೆ ಎರಡರಿಂದ ಮೂರು ವಾರ, ಸಹಿಸಿಕೊಳ್ಳಬೇಕು. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯನ್ನು ಹದಿನೈದಿಪ್ಪತ್ತು ನಿಮಿಷ, ದಿನಕ್ಕೆ ಹಲವು ಸಾರಿ ಇಡುವುದರಿಂದ ಉರಿಯೂ ತುರಿಕೆಯೂ ಗಣನೀಯವಾಗಿ ತಗ್ಗುತ್ತವೆ. ಕ್ಯಾಲಮೈನ್ ದ್ರಾವಣವು ಹಿತವಾದುದು. ಗುಳ್ಳೆಯೊಡೆದು ಸೋರುವ ನೀರು ತಗಲಿದಲ್ಲೆಲ್ಲ ರೋಗ ಹರಡುತ್ತದೆಂಬ ಭಯವು ಎಲ್ಲ ಮನೆಗಳಲ್ಲಿಯೂ ಇದೆ, ಅದು ನಿರಾಧಾರವಾದುದು. ಆ ನೀರಿನಲ್ಲಿ ಗಿಡದ ಎಣ್ಣೆಯಿರುವುದಿಲ್ಲ. ಇಂದು ಮುಂಗೈಯಲ್ಲಿ, ನಾಳಿದ್ದು ತೊಡೆಯಲ್ಲಿ ಹೊಸದಾಗಿ ಏಳುವುದು ಹರಡಿದುದರಿಂದಲ್ಲ. ಚರ್ಮವು ಎಲ್ಲಿ ತೆಳುವೊ ಅಲ್ಲಿ ಮೊದಲು, ಎಲ್ಲಿ ದಪ್ಪವೊ ಅಲ್ಲಿ ಆಮೇಲೆ, ಎಣ್ಣೆ ಎಷ್ಟು ತಗಲಿತೊ ಅದಕ್ಕನುಸಾರವಾಗಿ ಬೇಗ ಅಥವಾ ತಡವಾಗಿ ಏಳುತ್ತದೆ. ಮಗುವನ್ನು ಎತ್ತಿಕೊಳ್ಳಲು ತಾಯಿಯು ಹಿಂಜರಿಯಬೇಕಾದುದಿಲ್ಲ. ಸುಣ್ಣ, ತಂಬಾಕಿನ ನೀರು, ಸೀಮೆಎಣ್ಣೆ, ಬ್ಯಾಟರಿಯ ಮಸಿ, ಇವುಗಳನ್ನು ಹಚ್ಚಿ ಗಾಯವನ್ನು ಎರಡುಮಾಡಿಕೊಂಡು ಬರುವವರ ಸಾಹಸವು ಮಾತ್ರ ಹಿಂಜರಿಕೆಗೆ ಯೋಗ್ಯವಾದುದು.

ಮುಖ, ಕಣ್ಣಿನ ರೆಪ್ಪೆ, ಗುಹ್ಯಭಾಗಗಳು ಬಾತುಕೊಂಡರೆ, ಮೈಯ ಹೆಚ್ಚಿನ ಭಾಗ ಗುಳ್ಳೆಗೊಂಡರೆ, ಕೀವು ಅಥವಾ ಜ್ವರ ಕಾಣಿಸಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಹೊಗೆ ಕುಡಿದು ಉಸಿರು ಕಟ್ಟಿದವನನ್ನಂತೂ ಆ ಘಳಿಗೆಯಲ್ಲಿಯೇ ಆಸ್ಪತ್ರೆಗೆ ಸಾಗಿಸಬೇಕು. ತೀವ್ರವಾದ ಪ್ರಕರಣಗಳಲ್ಲಿ ವೈದ್ಯರು ಸ್ಟೀರಾಯ್ಡ್ ಗುಳಿಗೆಗಳನ್ನು ಎರಡು ಮೂರು ವಾರ, ಪ್ರಮಾಣವನ್ನು ಮೆಲ್ಲಮೆಲ್ಲನೆ ತಗ್ಗಿಸುತ್ತ, ಕೊಡುತ್ತಾರೆ. ನಾಲ್ಕು ದಿನಕ್ಕೆ ಗುಣ ಕಂಡಿತೆಂದು ತಾವಾಗಿ ನಿಲ್ಲಿಸಿದವರಲ್ಲಿ ತುರಿಕೆಯು ಮೊದಲಿಗಿಂತ ಜೋರಾಗಿ ಮರಳುವುದುಂಟು. ಅಂಗಡಿಯಲ್ಲಿ ಕೇಳಿದವರಿಗೆಲ್ಲ ಕೊಡುವ, ಸ್ಟೀರಾಯ್ಡನ್ನೂ ಬೂಷ್ಟಿನ ಔಷಧವನ್ನೂ ಜೀವನಿರೋಧಕವನ್ನೂ ಒಂದೇ ಟ್ಯೂಬಿನಲ್ಲಿ ಕಲಸಿದ ಮುಲಾಮುಗಳ ಬಗ್ಗೆ ನಮ್ಮ ದೇಶದ ಚರ್ಮವೈದ್ಯರು ವರ್ಷಗಳಿಂದ ಎಚ್ಚರಿಸುತ್ತ ಬಂದಿದ್ದಾರೆ. ಅವುಗಳ ಅತಿಬಳಕೆಯಿಂದ ಚರ್ಮವು ತೆಳುವಾಗಿ, ಹುಳುಕಡ್ಡಿಯಂತಹ ಬೇರೆ ರೋಗಗಳು ವೇಷ ಮರೆಸಿಕೊಂಡು ಬೆಳೆಯುತ್ತವೆ. ಐದಾರು ಮದ್ದುಗಳು ಒಂದರಲ್ಲಿದ್ದರೆ ಲಾಭವೆಂಬ ವ್ಯಾಪಾರದ ಎಣಿಕೆ ಇಲ್ಲಿ ಸಲ್ಲದು.

ಮುಟ್ಟಿದೊಡನೆ, ಎಣಿಸಲು ಅವಕಾಶವಿಲ್ಲದಂತೆ, ಮೈಯೆಲ್ಲ ನವೆಯೆದ್ದರೆ ಗಿಡವೂ ಬೇರೆ, ಉಪಾಯವೂ ಬೇರೆ. ಅದು ತುರಚಿಯಿರಬೇಕು, ಇಲ್ಲವೆ ನಸುಗುನ್ನಿ. ತುರಚಿಯ ಎಲೆಯ ಮೇಲಣ ಮುಳ್ಗೂದಲಿನ ತುದಿಯಲ್ಲಿ ಸೂಜಿಯಂತಹ ಹರಳೊಂದಿದ್ದು, ಅದು ಚರ್ಮವನ್ನು ಚುಚ್ಚಿ ಒಳಗೆ ರಸವನ್ನು ಬಿಡುತ್ತದೆ. ಗಂಟೆಯೊಪ್ಪತ್ತಿನಲ್ಲಿ ಉರಿ ತಾನಾಗಿ ಇಳಿಯುವುದರಿಂದ ಅದನ್ನು ಕುರಿತು ಬಹಳ ಬರೆಯಬೇಕಾದುದಿಲ್ಲ. ನಸುಗುನ್ನಿಯ ಪ್ರತಾಪವನ್ನು, ಮಾಸ್ತರರ ಕುರ್ಚಿಯ ಮೇಲೆ ಅದರ ಕಾಯಿಯ ರೋಮವನ್ನು ಉದುರಿಸಿದ ಹುಡುಗರ ಕಥೆಗಳಿಂದ ಎಲ್ಲರೂ ಬಲ್ಲರು. ಬೇಲಿಯ ಮೇಲೆ ಹಬ್ಬಿ, ನೇರಳೆಬಣ್ಣದ ಹೂ ಬಿಟ್ಟು, ಚಳಿಗಾಲದಲ್ಲಿ ಹೊಂಗಂದು ರೋಮದ ಕಾಯಿ ತಳೆಯುವ ಬಳ್ಳಿಯದು. ಆ ರೋಮದಲ್ಲಿರುವ ಮ್ಯೂಕುನೇನ್ ಎಂಬ ಕಿಣ್ವವೇ ನವೆಗೆ ಕಾರಣವೆಂದು ಅಮೆರಿಕದ ವೈದ್ಯ ವಾಲ್ಟರ್ ಶೆಲ್ಲಿಯು 1955ರಲ್ಲಿ ತೋರಿಸಿದನು. ಈ ನವೆಯು ಹಿಸ್ಟಮಿನ್ನಿನ ದಾರಿಯನ್ನು ಬಿಟ್ಟು ಬೇರೆ ದಾರಿಯಲ್ಲಿ ನರಗಳನ್ನು ಕೆರಳಿಸುವುದರಿಂದ ಅಲರ್ಜಿಯ ಗುಳಿಗೆ ನುಂಗಿದವನಿಗೆ ನಿರಾಶೆಯೇ ಗತಿ. ಮಾಡಬೇಕಾದುದು ಯಾಂತ್ರಿಕವಾದ ಕೆಲಸ: ಕೆರೆಯದೆ, ಉಜ್ಜದೆ, ಅಂಟುಪಟ್ಟಿಯನ್ನು ಒತ್ತಿ ಕಿತ್ತು ರೋಮಗಳನ್ನು ಎತ್ತಿ ತೆಗೆಯುವುದು, ಆಮೇಲೆ ಸುರಿನೀರಿನಲ್ಲಿ ತೊಳೆಯುವುದು, ಬಟ್ಟೆ ಬದಲಿಸುವುದು. ಇದೇ ಬಳ್ಳಿಯ ಬೀಜದಲ್ಲಿ ಕಂಪವಾತಕ್ಕೆ ಮದ್ದಾದ ಎಲ್-ಡೋಪಾ ಇರುವುದು ಸೃಷ್ಟಿಯ ವಿನೋದಗಳಲ್ಲೊಂದು. ಕಬ್ಬಿನ ರವದಿಯ ಸುಂಕು ಚುಚ್ಚಿ ಕಟಾವಿನವರ ಕುತ್ತಿಗೆ ಕೆಂಪಾಗುವುದೂ ಇದೇ ಜಾತಿಯದು, ಸ್ನಾನದಿಂದ ಶಮನವಾಗತಕ್ಕದ್ದು. ಕಳ್ಳಿಯ ಹಾಲು ಮಾತ್ರ ಕಣ್ಣಿಗೆ ಸಿಡಿದರೆ ಹುಡುಗಾಟವಲ್ಲ. ಕಾಲು ಗಂಟೆಗೆ ಕಡಮೆಯಿಲ್ಲದಂತೆ ನೀರು ಹಾಯಿಸಿ, ನೇರವಾಗಿ ಕಣ್ಣಿನ ವೈದ್ಯರ ಬಳಿಗೆ.

ವರ್ಷಗಳ ಲೆಕ್ಕದಲ್ಲಿ ಬರುವ ಮೂರನೆಯ ಶತ್ರುವನ್ನು ಕಾಣಲು ಅಡವಿಗೆ ಹೋಗಬೇಕಾಗಿಲ್ಲ. ಕಾಲುವೆಯ ಏರಿ, ಹೊಲದ ಬದು, ರೈಲುಹಳಿಯ ಅಂಚು, ಶಾಲೆಯ ಬಯಲು, ಎಲ್ಲಿಯೂ ಬಿಳಿಯ ಸಣ್ಣ ಹೂಗಳಿಂದ ನಳನಳಿಸುವ ಕಾಂಗ್ರೆಸ್ ಕಸವೇ ಅದು. ಪರದೇಶದ ಗೋದಿಯೊಡನೆ ಬಂದಿತೆಂದು ಹೇಳಲಾಗುವ ಈ ಕಳೆಯನ್ನು 1955ರ ಸುಮಾರಿಗೆ ಪುಣೆಯಲ್ಲಿ ಗುರುತಿಸಿದರು. ಒಂದೊಂದು ಗಿಡ ಹತ್ತು ಹದಿನೈದು ಸಾವಿರ ಬೀಜಗಳನ್ನು ಉದುರಿಸುವುದರಿಂದ ಅದು ದೇಶವನ್ನು ಆವರಿಸಲು ಬಹಳ ಕಾಲ ಹಿಡಿಯಲಿಲ್ಲ. ಇದರ ಪಾರ್ಥೆನಿನ್ ಎಂಬ ವಸ್ತುವು ಕೇರಿನೆಣ್ಣೆಯಂತೆ ಒಂದೇ ಸ್ಪರ್ಶದಲ್ಲಿ ಪರಾಕ್ರಮವನ್ನು ತೋರದು. ಹಲವು ವರ್ಷ ಅದರ ನಡುವೆ ದುಡಿದ ನಡುವಯಸ್ಸಿನ ರೈತನೊಬ್ಬನಿಗೆ ಒಂದು ದಿನ ರೆಪ್ಪೆ ಬಾಯುತ್ತದೆ, ಕುತ್ತಿಗೆ ಒರಟಾಗುತ್ತದೆ, ಮೊಣಕೈಯ ಮಡಿಕೆ ಸೋರತೊಡಗುತ್ತದೆ. ಕ್ರಮೇಣ ಮುಖವೆಲ್ಲ ಕಪ್ಪಾಗಿ ದಪ್ಪಗಟ್ಟುತ್ತದೆ. ಬಿಸಿಲಿನ ದೋಷವೆಂದು ಮನೆಯವರು ತಿಳಿಯುತ್ತಾರೆ. ಭೇದವನ್ನು ಅರಿಯಲು ಕಿವಿಯ ಹಿಂ​ಭಾಗವನ್ನೂ ಗದ್ದದ ಕೆಳಗನ್ನೂ ನೋಡಬೇಕು: ಬಿಸಿಲು ತಲಪದ ಆ ಸ್ಥಳಗಳನ್ನು ಬಿಸಿಲಿನ ರೋಗವು ಬಿಟ್ಟುಬಿಡುತ್ತದೆ, ಗಾಳಿಯ ಧೂಳಿನೊಡನೆ ಬರುವ ಕಸದ ರೋಗವು ಬಿಡುವುದಿಲ್ಲ. ಇಂತಹವರಿಗೆ ಅದೇ ಕುಟುಂಬದ ಶ್ಯಾವಂತಿಗೆಯ ಹೂವನ್ನು ಪೂಜೆಗೆ ಬಿಡಿಸುವಾಗಲೂ ಕೈ ಕೆರೆಯುವುದುಂಟು. ಇದಕ್ಕೆ ಅಜಾಥಯೋಪ್ರಿನ್ ಮುಂತಾದ ಗುಳಿಗೆಗಳನ್ನು ರಕ್ತಪರೀಕ್ಷೆ ಮಾಡಿಸುತ್ತ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ. ನೆರೆಮನೆಯವನ ಚೀಟಿಯನ್ನು ನೋಡಿ ತಾನೂ ನುಂಗುವಂತಹ ಔಷಧವಲ್ಲ.

ಕರ್ನಾಟಕ ಸರಕಾರವು 1975ರಷ್ಟು ಹಿಂದೆಯೇ ಈ ಕಸವನ್ನು ಉಪದ್ರವಕಾರಿ ಕಳೆಯೆಂದು ಕಾನೂನಿನ ಮೂಲಕ ಸಾರಿತು. 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ಒಂದು ದುಂಬಿಯನ್ನು ತರಿಸಿ, ಪರೀಕ್ಷಿಸಿ, ಮರುವರ್ಷ ಹೊರಗೆ ಬಿಟ್ಟರು. ಮಾಸಲು ಬಿಳುಪಿನ ಬೆನ್ನಿನ ಮೇಲೆ ಕಂದುಗೆರೆಗಳುಳ್ಳ ಆ ಪುಟ್ಟ ದುಂಬಿಯು ಮಳೆಗಾಲದಲ್ಲಿ ಈಗಲೂ ಎಲೆಗಳನ್ನು ಜರಡಿ ಮಾಡುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಂ. ಮಹದೇವಪ್ಪನವರು, ತಂಗಡಿಯ ಬಳಗದ ಒಂದು ಗಿಡವನ್ನು ಬಿತ್ತಿ ಅದರಿಂದ ಈ ಕಸವನ್ನು ಅದುಮಬಹುದೆಂದು ಪ್ರಚಾರಮಾಡಿದರು. ಕಾನೂನು, ಕೀಟ, ಪ್ರತಿಸಸ್ಯ, ಮೂರೂ ಇದ್ದು ಕಸವೂ ಇದೆ.

ಇದರ ನಡುವೆ ನನಗೆ ಸರಿಗಾಣದಿರುವ ಒಂದು ಪದ್ಧತಿ ನಡೆದುಬಂದಿದೆ. ಶ್ರಮದಾನವೆಂದು, ಸ್ವಚ್ಛತೆಯ ಸಪ್ತಾಹವೆಂದು, ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೂ ತುಂಬಿದ ಕಾಂಗ್ರೆಸ್ ಕಸವನ್ನು ಬರಿಗೈಯಿಂದ ಕೀಳಿಸುತ್ತಾರೆ. ಫೋಟೋ ತೆಗೆಯುವುದಕ್ಕೆ ಅದು ಚೆನ್ನಾಗಿಯೇ ಇರುತ್ತದೆ. ಹೂಬಿಟ್ಟ ಗಿಡವನ್ನು ಅಲುಗಾಡಿಸಿದರೆ ಪರಾಗವೂ ಒಣ ಚೂರುಗಳೂ ಮಕ್ಕಳ ಮುಖದ ಮೇಲೆ ಬೀಳುತ್ತವೆ, ಬೀಜವು ನೆಲಕ್ಕೆ ಬೀಳುತ್ತದೆ, ಹೀಗಾಗಿ ಮುಂದಿನ ವರ್ಷದ ಕಸಕ್ಕೂ ಇನ್ನೆಂದೋ ಬರುವ ರೋಗಕ್ಕೂ ಒಂದೇ ದಿನ ಬಿತ್ತನೆಯಾಗುತ್ತದೆ. ಕೀಳಬೇಕಾದುದು ಆಷಾಢದ ಜಿಟಿಮಳೆಗೆ ನೆಲ ನೆನೆದು ಬೇರು ಸಲೀಸಾಗಿ ಬರುವಾಗ, ಗಿಡವು ಗೇಣುದ್ದವಿದ್ದು ಮೊಗ್ಗು ಕೂಡ ಕಟ್ಟದಿರುವಾಗ. ಕೀಳಬೇಕಾದವರು ದೊಡ್ಡವರು, ರಬ್ಬರಿನ ಕೈಚೀಲ ತೊಟ್ಟು, ಮೂಗುಬಾಯಿಗೆ ಬಟ್ಟೆ ಕಟ್ಟಿ. ಒಮ್ಮೆ ತುರಿಕೆ ಬಂದವರು ಆ ಕೆಲಸಕ್ಕೆ ಹೋಗಲೇಬಾರದು. ಒಂದು ಜೊತೆ ಕೈಚೀಲದ ಬೆಲೆಯು ಆ ದಿನ ಮಕ್ಕಳಿಗೆ ಹಂಚುವ ಬಿಸ್ಕತ್ತಿನ ಖರ್ಚಿಗಿಂತ ಹೆಚ್ಚೇನೂ ಆಗಲಾರದು. ಪಂಚಾಯತಿಯ ಬಜೆಟ್ಟು ಮಂಡನೆಯಾಗುವಾಗ ಯಾರಾದರೂ ಸದಸ್ಯರು ಅದನ್ನು ಎತ್ತಿ ಹೇಳಬೇಕು, ಮತ್ತು ಮಳೆ ಹಿಡಿಯುವುದಕ್ಕೆ ಮುಂಚೆ ಕೊಳ್ಳಬೇಕು.